ಟವೆಲ್ ಕುಂಡದ ಅಬ್ಬಲಿ

ಏಳು ದಿನ ನೀರಿನಲ್ಲಿ ನೆನೆಸಿದ್ದೆ ಎಂದೇ ಬರೆಯಲು ಕೂತೆ, ಬರೆಯುತ್ತಿದ್ದಂತೆಯೇ ಅನುಮಾನ ಬಂತು. ಸಿಮೆಂಟಿನ ಕುಂಡವನ್ನು ಸುಣ್ಣ ಬಿಡಲಿ ಎಂದು ಟಬ್ಬಿನಲ್ಲಿ ಮುಳುಗಿಸಿದ್ದು, ನೀರಿನ ಮೇಲೆ ಸುಣ್ಣದ ತೆಳು ಕೆನೆ ಕಟ್ಟಿದ್ದು ಕಣ್ಣ ಮುಂದಿದೆ. ಆದರೆ ಆ ಕೆನೆಯನ್ನು ನಾನು ಫೋನಿನ ವಿಡಿಯೋ ಒಂದರಲ್ಲಿ ನೋಡಿದ್ದೂ ಇರಬಹುದು. ಎರಡನ್ನೂ ಬಿಡಿಸಿ ನೋಡಲು ಈಗ ನನ್ನಿಂದಾಗುವುದಿಲ್ಲ. ಗಂಡನನ್ನು ಕೇಳಿದರೆ, "ಆ ವಾರ ನಳಕ್ಕ ನೀರ ಬಂದಿದ್ದಿಲ್ಲ. ನೀ ಎಲ್ಲಿ ನೆನಸಿಟ್ಟಿ?" ಎನ್ನುತ್ತಾರೆ. ಅವರ ನೆನಪನ್ನೂ ನಂಬುವಂತಿಲ್ಲ. ನಮ್ಮ ಮದುವೆಯ ಊಟದಲ್ಲಿ ಏನು ಸಿಹಿ ಇತ್ತು ಎಂಬುದನ್ನು ಇದುವರೆಗೆ ಮೂರು ಥರ ಹೇಳಿದ್ದಾರೆ.

ಮಹಾಂತೇಶ ನಗರದ ನಮ್ಮ ಮನೆಗೆ ಅಂಗಳವಿಲ್ಲ. ಮಾಳಿಗೆಯೇ ತೋಟ. ಯಾವುದರಲ್ಲಿ ಗಿಡ ಬೆಳೆದೀತು, ಯಾವುದರಲ್ಲಿ ಬೆಳೆಯಲಾರದು ಎಂದು ನೋಡುವ ಚಟ ನನಗೆ. ಸೋರುವ ಕುಕ್ಕರಿನಲ್ಲಿ ಪುದೀನ ಬಂತು. ಬಿರುಕು ಬಿಟ್ಟ ಹೆಲ್ಮೆಟ್ಟನ್ನು ತಲೆಕೆಳಗಾಗಿ ತೂಗುಹಾಕಿದರೆ ಅದರಲ್ಲಿ ಏನೂ ಬರಲಿಲ್ಲ, ಗುಬ್ಬಿ ಬಂತು. ಆಮೇಲೆ ಹಳೆಯ ದಪ್ಪ ಟವೆಲ್ಲೊಂದನ್ನು ಸಿಮೆಂಟಿನ ರಾಡಿಯಲ್ಲಿ ಅದ್ದಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಹೊದಿಸಿದೆ. ಒಣಗಿದ ಮೇಲೆ ಅದನ್ನು ಎತ್ತಿ ತಿರುಗಿಸಿದರೆ ಕುಂಡ.

ಅತ್ತೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. "ಅರಿವಿ ಒಗಿಯೂದು ಕಂಡೇನಿ, ಹರಿಯೂದು ಕಂಡೇನಿ. ಅರಿವಿ ಕಲ್ಲ ಮಾಡೂದು ಇವತ್ತ ಕಂಡೆ ನೋಡ."

"ಚಂದ ಆಗತೈತ್ರಿ ಅತ್ತಿ, ಒಣಗಲಿ."

"ಏನ್ ಚಂದ? ನಿರಿಗಿ ನೋಡು, ಗಡಿಬಿಡಿಯಾಗ ಸೀರಿ ಉಟ್ಟಂಗ ಆಗೇತಿ." ಹಾಗೆಂದವರೇ ಬಂದು ಹಸಿ ಮಡಿಕೆಗಳನ್ನು ಒಂದೊಂದಾಗಿ ಸರಿ ಮಾಡಿದರು. ಇದನ್ನು ಮಾತ್ರ ನಂಬುತ್ತೇನೆ. ಕುಂಡದ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು ಇನ್ನೂ ಇದೆ, ನನ್ನದಕ್ಕಿಂತ ಸಣ್ಣದು.

ಅದೇ ದಿನಗಳಲ್ಲಿ ಖಾನಾಪುರದಿಂದ ಅತ್ತೆಯ ತಂಗಿಯ ಫೋನ್ ಬಂತು. ಮಗ ಕಾರು ಕೊಂಡಿದ್ದಾನೆ, ಅದನ್ನು ನಿಲ್ಲಿಸಲು ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಕಿಸುತ್ತಿದ್ದಾರೆ ಎಂದು. ಆ ಅಂಗಳದಲ್ಲಿ ಅಕ್ಕತಂಗಿಯರ ತಾಯಿ ನೆಟ್ಟಿದ್ದ ಅಬ್ಬಲಿ ಗಿಡಗಳಿದ್ದವು. ಕನಕಾಂಬರಕ್ಕೆ ನಮ್ಮಲ್ಲಿ ಅಬ್ಬಲಿ ಎನ್ನುತ್ತಾರೆ. "ಕಾರ್ ನಿಲ್ಲಾಕ ಜಾಗಾ ಬೇಕಂತ. ನಮ್ಮವ್ವನ ಗಿಡ ಎಲ್ಲಿ ನಿಲ್ಲಬೇಕು?" ಎಂದು ಅತ್ತೆ ಮರುದಿನವೇ ಬಸ್ಸು ಹತ್ತಿದರು. ಕಿತ್ತವುಗಳಲ್ಲಿ ಬೇರು ಹರಿಯದೆ ಬಂದದ್ದು ಒಂದೇ ಗಿಡ. ಬೇರಿಗೆ ಹಸಿ ಬಟ್ಟೆ ಸುತ್ತಿ, ಬೆಳಗಾವಿಯ ತನಕ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವಾಗ ಅದರ ಮೇಲೆ ತಾಯಿಯ ಗಿಡದ ಒಂದು ಹೂವು ಇರಬೇಕೆಂಬುದು ಅವರ ಆಸೆ. ಇದೊಂದು ಸತ್ತರೆ ಮತ್ತೆಲ್ಲಿಂದಲೂ ತರುವಂತಿರಲಿಲ್ಲ.

"ಇದರಾಗ ಹಚ್ಚು," ಎಂದು ಟವೆಲ್ ಕುಂಡವನ್ನೇ ತೋರಿಸಿದರು. ನೆಟ್ಟೆ.

ಕೆಲವು ವಾರಗಳಲ್ಲಿ ಎಲೆ ಹಳದಿಗೆ ತಿರುಗಿತು. ನರಗಳಷ್ಟೇ ಹಸಿರು. ಎಲೆಯ ಮೇಲೆ ಯಾರೋ ನಕಾಶೆ ಬರೆದಂತೆ ಕಾಣುತ್ತಿತ್ತು. ಗಾಬರಿಗಿಂತ ಮೊದಲು ನನಗೆ ಕುತೂಹಲವಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಓದಿ ನೋಡಿದೆ: ಮಣ್ಣಿನಲ್ಲಿ ಸುಣ್ಣದ ಗುಣ ಹೆಚ್ಚಾದರೆ ಅಬ್ಬಲಿಯಂಥ ಗಿಡಕ್ಕೆ ಕಬ್ಬಿಣದ ಅಂಶ ಹೀರಲಾಗದು. ಸರಿಯಾಗಿ ನೆನೆಸದ ಹೊಸ ಸಿಮೆಂಟು ಮಣ್ಣಿಗೆ ಸುಣ್ಣ ಬಿಡುತ್ತದೆ. ಸರಿ, ತಪ್ಪು ನನ್ನದೇ ಎಂದುಕೊಂಡೆ.

ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಲಿಂಗ ತೊಳೆದ ನೀರನ್ನು ಯಾರೂ ತುಳಿಯುವ ಜಾಗಕ್ಕೆ ಚೆಲ್ಲುವುದಿಲ್ಲ, ಗಿಡದ ಬುಡಕ್ಕೆ ಹಾಕುತ್ತಾರೆ. ವಿಭೂತಿ ಕರಗಿ ಆ ನೀರು ಬೆಳ್ಳಗಿರುತ್ತದೆ. ಅಲ್ಲಿಯವರೆಗೆ ಅತ್ತೆ ಅದನ್ನು ದಿನಕ್ಕೊಂದು ಕುಂಡಕ್ಕೆ ಹಾಕುತ್ತಿದ್ದರು. ಅಬ್ಬಲಿ ಬಂದ ಮೇಲೆ ಅಕ್ಕರೆಯಿಂದ ದಿನದಿನವೂ ಅದಕ್ಕೊಂದಕ್ಕೇ. ಮಣ್ಣಿನ ಮೇಲೆ ಬಿಳಿ ಪದರವೇ ಕಟ್ಟಿತ್ತು. ಬೂದಿಯೂ ಸುಣ್ಣದ ಜಾತಿಯದ್ದೇ.

ಹೇಳುವುದೋ ಬೇಡವೋ ಎಂದು ಎರಡು ದಿನ ತಡೆದೆ. ಕೊನೆಗೆ, "ಅತ್ತಿ, ಆ ಪೂಜಿ ನೀರು ಬ್ಯಾರೆ ಗಿಡಕ್ಕ ಹಾಕಿದ್ರ ಹೆಂಗ್ರೀ? ಇಬತ್ತಿ ಹೆಚ್ಚಾಗೇತೇನೋ" ಎಂದೆ.

"ಓಹೋ! ನಿನ್ನ ಸಿಮೀಟು ಶಾಣ್ಯಾ, ನನ್ನ ಇಬತ್ತಿ ಖೋಡಿ?"

"ಹಂಗಲ್ರೀ…"

"ಹಂಗ. ನಮ್ಮವ್ವನೂ ಇದಕ್ಕ ಇದ ನೀರ ಹಾಕಿ ಬೆಳಸಿದ್ದು. ಆಕಿ ಗಿಡಕ್ಕ ಟಾವೆಲ್ ಉಡಿಸಿದ್ದಿಲ್ಲ."

ಪರೀಕ್ಷೆ ಮಾಡೋಣ ಎಂದುಕೊಂಡೆ. ನೀರಿನ ವಿಷಯ ಎತ್ತದೆ ಕುಂಡವನ್ನಷ್ಟೇ ಬದಲಿಸುವುದು. ಮಣ್ಣು ಅದೇ, ಜಾಗವೂ ಅದೇ. ಬೇರು ಅಲುಗದಂತೆ ಮಣ್ಣಿನ ಗಡ್ಡೆಯ ಸಮೇತ ಎತ್ತಿ ಬಣ್ಣದ ಖಾಲಿ ಡಬ್ಬಿಗೆ ಇಳಿಸಿದೆ. ಅತ್ತೆ ಎಂದಿನಂತೆ ಬೆಳಿಗ್ಗೆ ತಂಬಿಗೆ ಹಿಡಿದು ಮಾಳಿಗೆಗೆ ಹೋಗಿ ಬರುತ್ತಿದ್ದರು. ತಿಂಗಳಾಗುವಷ್ಟರಲ್ಲಿ ತುದಿಯಲ್ಲಿ ಎರಡು ಹೊಸ ಎಲೆ ಬಂದವು. ಪೂರ್ತಿ ಹಸಿರು. ನಾನು ಕೆಳಗೆ ಓಡಿ ಬಂದು, "ಅತ್ತಿ, ತಪ್ಪು ನಂದ್ರೀ! ಸಿಮೆಂಟಿಂದ, ನಿಮ್ಮ ಇಬತ್ತಿದಲ್ಲ" ಎಂದೆ.

ಅವರು ಮೆಂತ್ಯ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. "ನಾ ಅದಕ್ಕ ನೀರ ಹಾಕೂದು ಬಿಟ್ಟು ತಿಂಗಳಾತವಾ. ನೀ ಅಂದ ಮರುದಿನದಿಂದ ಬಾಜೂ ಮನಿ ತೆಂಗಿನ ಬುಡಕ್ಕ ಸುರುವಾಕತ್ತೇನಿ, ಮಾಳಿಗಿ ಮ್ಯಾಲಿಂದ."

"ಮತ್ತ ಯಾಕ ಹೇಳಲಿಲ್ರೀ?"

"ಹೇಳಿದ್ರ ನೀ ಗೆದ್ದಂಗ ಆಗತಿತ್ತು. ನನಗ ಗಿಡ ಉಳೀಬೇಕಾಗಿತ್ತು, ಅಷ್ಟ."

ಕುಂಡ, ನೀರು ಎರಡೂ ಒಟ್ಟಿಗೇ ಬದಲಾಗಿದ್ದವು; ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಇನ್ನೊಮ್ಮೆ ಮಾಡಬಹುದು: ಗಿಡವನ್ನು ಹಳೆಯ ಕುಂಡಕ್ಕೇ ಇಳಿಸಿ, ವಿಭೂತಿ ನೀರು ಹಾಕದೆ ಕಾಯಬೇಕು. ಅದನ್ನು ನಾನು ಕೇಳಲಾರೆ, ಅವರು ಬಿಡಲಾರರು. ಈಗ ಗಿಡದಲ್ಲಿ ಮೊಗ್ಗಿದೆ. ಸುಣ್ಣ ಬಿಟ್ಟದ್ದು ಸಿಮೆಂಟೋ, ಬೂದಿಯೋ, ಎರಡೂ ಸೇರಿಯೋ, ಅಥವಾ ಖಾನಾಪುರದ ಮಣ್ಣು ಬಿಟ್ಟು ಬಂದ ಗಿಡಕ್ಕೆ ಸುಮ್ಮನೆ ಅಷ್ಟು ದಿನ ಬೇಕಾಗಿತ್ತೋ, ನನಗೆ ಗೊತ್ತಿಲ್ಲ.