‘ಊಟ ಆಯ್ತಾ’ ಅಂತ ಕೇಳಬೇಡಿ

ಇನ್ಸುಲಿನ್ ಕೊಡುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು. ಊಟ ವಿಚಾರಿಸುವುದನ್ನು ಕಲಿಸುವುದಿದೆಯಲ್ಲ, ಅದು ಕಷ್ಟ. ತೊಂಬತ್ತರ ದಶಕದಲ್ಲಿ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ರೋಗಿಗಳು ಬರುತ್ತಿದ್ದ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನಾನು ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ. ಅರ್ಧ ಪಾಠ, ಅರ್ಧ ಬೈಗುಳ. “ಸೂಜಿ ಹಾಕಿದ ಅರ್ಧ ಗಂಟೆಗೆ ಊಟ ಹೊಟ್ಟೆಗೆ ಬೀಳಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತೆ. ಮೊದಲು ಊಟ ವಿಚಾರಿಸಿ, ಆಮೇಲೆ ಸಿರಿಂಜು ಮುಟ್ಟಿ” ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತ್ತು.

ಆಗ ಬಂದು ಸೇರಿದ್ದು ಕಿರಂಗೂರಿನ ಒಬ್ಬ ಅಜ್ಜಿ. ಕಟಾವಾದ ಗದ್ದೆಯಲ್ಲಿ ಕಬ್ಬಿನ ಚೂಪು ಕೂಳೆ ತುಳಿದು ಪಾದ ಕೊಯ್ದುಕೊಂಡು, ಅರಿಶಿನ ಮೆತ್ತಿಕೊಂಡೇ ಓಡಾಡಿ, ಕೊನೆಗೆ ಕೀವು ತುಂಬಿಸಿಕೊಂಡು ಬಂದಿದ್ದರು. ಸಕ್ಕರೆ ಕಾಯಿಲೆ ಇದೆಯೆಂಬುದು ತಿಳಿದದ್ದೇ ನಮ್ಮಲ್ಲಿ. ಸರ್ಜನ್ ನೋಡಿ, “ಸಕ್ಕರೆ ಹಿಡಿತಕ್ಕೆ ಬಂದ್ರೆ ಮಾಯುತ್ತೆ. ಬರದಿದ್ರೆ ಮುಂದಿನ ವಾರ ಪಾದ ತೆಗೀಬೇಕಾಗುತ್ತೆ” ಅಂದರು. ಅವರು ಅತ್ತ ಹೋದ ಮೇಲೆ ಅಜ್ಜಿ ನನ್ನ ಸೆರಗು ಹಿಡಿದುಕೊಂಡರು.

“ಕಾಲಿಲ್ದೆ ಎಂಗವ್ವಾ ಬದುಕೋದು? ಕೂತ್ಕಂಡು ಹಸುಗೆ ಉಲ್ಲು ಕುಯ್ಯಾಕಾದದಾ?”

ಸೆರಗು ಬಿಡಿಸಿಕೊಂಡು ಕೇಸ್ ಶೀಟಿನಲ್ಲಿ ಇನ್ಸುಲಿನ್ ಬರೆದೆ.

ಅಜ್ಜಿಯ ಹಾಸಿಗೆಯನ್ನು ನಾಗಮಂಗಲದ ದೇವಲಾಪುರ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ ವಹಿಸಿದೆ. ಹೊಲ ಉಳುವ ಮನೆಯ ಹುಡುಗಿ, ಮಾತು ಬೆಣ್ಣೆ. ಮಾರನೆಯ ಮಧ್ಯಾಹ್ನ ಅವಳು ಬೇರೆ ವಾರ್ಡಿನಿಂದ ತಡವಾಗಿ ಓಡೋಡಿ ಬಂದು, “ಊಟ ಆಯ್ತಾ ಅಜ್ಜಿ?” ಎಂದು ಕೇಳಿದಳಂತೆ. “ಆಯ್ತು ಕಣವ್ವ, ನಿಂದಾಯ್ತಾ?” ಅಂದರಂತೆ ಅಜ್ಜಿ. ಅಯ್ಯೋ, ಊಟವೇ ಆಗಿಹೋಗಿದೆ, ಸೂಜಿ ತಡವಾಯಿತು ಎಂದು ಹುಡುಗಿ ತಕ್ಷಣ ಚುಚ್ಚಿಬಿಟ್ಟಳು.

ನಾನು ರೌಂಡ್ಸಿಗೆ ಬರುವ ಹೊತ್ತಿಗೆ ಅಜ್ಜಿ ಬೆವರಿ ತೊಪ್ಪೆಯಾಗಿದ್ದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ನುಂಗುವಷ್ಟು ಎಚ್ಚರವಿತ್ತು, ಪುಣ್ಯಕ್ಕೆ. ಸಕ್ಕರೆ ನೀರು ಕದಡಿಸಿ ಬಾಯಿಗೆ ಹಿಡಿದೆ. ಅಷ್ಟರಲ್ಲಿ ಮನೆಯಿಂದ ಊಟ ತರುವ ಸೊಸೆ ಕ್ಯಾರಿಯರ್ ಹಿಡಿದು ಬಂದವಳು, “ಬಸ್ಸು ಕೆಟ್ಟೋಯ್ತು, ಈಗ ಬಂದೆ. ಇದೇನ್ ಮೇಡಂ, ಸಕ್ರೆ ಕಾಯ್ಲೆಯೋರಿಗೆ ಸಕ್ರೆ ಕುಡುಸ್ತಾ ಇದ್ದೀರಿ?” ಎಂದು ಲೋಟಕ್ಕೇ ಕೈ ಹಾಕಿದಳು. ಅವಳ ಕೈ ತಳ್ಳಿ ಪೂರಾ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಅಜ್ಜಿಯ ಕಣ್ಣು ತಿಳಿಯಾಯಿತು. ಆಮೇಲೆ ಮುದ್ದೆ ಉಣ್ಣಿಸಿದೆವು.

ಹುಡುಗಿಯನ್ನು ಹುರಿದು ಮುಕ್ಕಿದೆ. ಅವಳು ಅಳುತ್ತಲೇ, “ಕೇಳ್ದೆ ಮೇಡಂ. ಆಯ್ತು ಅಂದ್ರು” ಅಂದಳು. ನಾನು ಅಜ್ಜಿಯ ಕಡೆ ತಿರುಗಿ, ಯಾಕೆ ಸುಳ್ಳು ಹೇಳಿದಿರಿ ಎಂದು ಗದರಿದೆ.

“ಸುಳ್ಳು ಯಾಕೇಳಾನವ್ವಾ?” ಅಂದರು ಅಜ್ಜಿ, ನನಗೇ ತಿಳಿವಳಿಕೆ ಕಮ್ಮಿ ಅನ್ನುವ ಹಾಗೆ. “ಊಟ ಆಯ್ತಾ ಅಂತ ಕೇಳುದ್ರೆ ಇಲ್ಲ ಅಂತ ಯಾರಾದ್ರೂ ಅಂದಾರಾ? ಆ ಮಗಾ ತನ್ನ ಊಟಾನೇ ತಂದು ನನ್ ಮುಂದೆ ಮಡುಗ್ಬುಟ್ರೆ?”

ಇದಕ್ಕೆ ಏನು ಹೇಳುತ್ತೀರಿ? ನಮ್ಮ ಕಡೆ ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವುದು ಮರ್ಯಾದೆ, ಆಯ್ತು ಅನ್ನುವುದೂ ಮರ್ಯಾದೆ. ಹೊಟ್ಟೆಯಲ್ಲಿ ಏನಿದೆ ಅನ್ನುವುದಕ್ಕೂ ಆ ಮಾತಿಗೂ ಸಂಬಂಧವಿಲ್ಲ. ಪೇಟೆಯ ವಿದ್ಯಾರ್ಥಿಯಾಗಿದ್ದರೆ ಏನು ತಿಂದೆ, ಎಷ್ಟೊತ್ತಿಗೆ ತಿಂದೆ ಎಂದು ಒರಟಾಗಿ ಕೇಳಿ ಬಚಾವಾಗುತ್ತಿದ್ದ. ಇವಳು ಮನೆಯಲ್ಲಿ ಕಲಿತ ಹಾಗೆ ಕೇಳಿದ್ದಳು. ನನಗೆ ಸಿಟ್ಟಿನ ಜೊತೆ ನಗುವೂ ಬಂತು. ಆವತ್ತೇ ವಾರ್ಡಿನಲ್ಲಿ ಕಟ್ಟಪ್ಪಣೆ ಮಾಡಿದೆ: ಸಕ್ಕರೆ ಕಾಯಿಲೆಯವರನ್ನು ಯಾರೂ ‘ಊಟ ಆಯ್ತಾ’ ಅಂತ ಕೇಳಕೂಡದು. ಕ್ಯಾರಿಯರ್ ಮುಚ್ಚಳ ತೆಗೆಸಿ ನೋಡಿ.

ಆದರೆ ಅಜ್ಜಿ ಪಟ್ಟು ಹಿಡಿದುಬಿಟ್ಟರು. “ಆ ಸೂಜಿ ಜೀವ ತಗೀತದೆ, ಬ್ಯಾಡ ಬುಡಿ.” ಸೂಜಿ ಇಲ್ಲದೆ ಸಕ್ಕರೆ ಇಳಿಯುವುದಿಲ್ಲ, ಸಕ್ಕರೆ ಇಳಿಯದೆ ಪಾದ ಉಳಿಯುವುದಿಲ್ಲ. ನಾನು ಬೈದೆ, ಸೊಸೆ ಅತ್ತಳು, ಯಾವುದೂ ನಾಟಲಿಲ್ಲ. ಕೊನೆಗೆ ಆ ಹುಡುಗಿ ತನ್ನ ಹಾಸ್ಟೆಲ್ಲಿನ ಡಬ್ಬಿ ತಂದು ಅಜ್ಜಿಯ ಮಂಚದ ಮೇಲಿಟ್ಟು ಕೂತಳು.

“ನೀವುಣ್ಣೋವರ್ಗೂ ನಾನು ಉಣ್ಣಲ್ಲ ಅಜ್ಜಿ. ಸೂಜಿ ಹಾಕಿ ಇಲ್ಲೇ ಕೂತಿರ್ತೀನಿ. ಇಬ್ರೂ ಒಟ್ಟಿಗೆ ಉಣ್ಣಣ.”

ಅಜ್ಜಿ ಅವಳ ಮುಖವನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದರು. “ನಮ್ಮಟ್ಟೀಲಿ ಮಕ್ಳುನ್ನ ಉಪಾಸ ಕೆಡವಿದೋರಿಲ್ಲ. ಆಕವ್ವ ಅತ್ಲಾಗೆ” ಎಂದು ತೋಳು ಚಾಚಿದರು.

ಅಲ್ಲಿಂದ ದಿನವೂ ಅದೇ. ಸೂಜಿ ಹಾಕಿ, ಅರ್ಧ ಗಂಟೆ ಹಸುವಿನ ವಿಚಾರ ಮಾತಾಡಿ, ಆಮೇಲೆ ಇಬ್ಬರೂ ಡಬ್ಬಿ ಬಿಚ್ಚುವುದು. ಹುಡುಗಿಯ ಅನ್ನ ಅಜ್ಜಿಗೆ ಸೇರುತ್ತಿರಲಿಲ್ಲ. ಅಜ್ಜಿಯ ಮುದ್ದೆಯಲ್ಲಿ ಪಾಲು ಕೇಳಿದರೆ ಹುಡುಗಿಗೆ ನನ್ನಿಂದ ಬೈಗುಳ, ಇನ್ಸುಲಿನ್ ಲೆಕ್ಕ ತಪ್ಪುತ್ತದಲ್ಲ! ಸಕ್ಕರೆ ಇಳಿಯಿತು, ಕೀವು ನಿಂತಿತು. ಸರ್ಜನ್ ಬಂದು ಬ್ಯಾಂಡೇಜು ಬಿಚ್ಚಿದಾಗ ಗಾಯದೊಳಗೆ ಕೆಂಪಗೆ ಹೊಸ ಮಾಂಸ ಕಂಡಿತು. ಅವರು, “ಕೊಯ್ಯೋ ಕೆಲಸ ಇಲ್ಲ” ಅಂದು ಮುಂದಿನ ಮಂಚಕ್ಕೆ ಹೋದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಗಾಯ ಪೂರ್ತಿ ಮಾಯಲು ಇನ್ನೂ ಎಷ್ಟೋ ದಿನ ಹಿಡಿಯಿತು. ಮನೆಗೆ ಹೊರಟ ದಿನ ಬಸ್ಸಿನವರೆಗೆ ನಾವೂ ಹೋದೆವು. ಹುಡುಗಿ ತೋಳು ಹಿಡಿದುಕೊಂಡಿದ್ದಳು. ಅಜ್ಜಿ ಒಳ್ಳೆಯ ಕಾಲನ್ನು ಮೆಟ್ಟಿಲಿಗೆ ಎತ್ತಿದವರು, ಏನೋ ಯೋಚಿಸಿ ಕೆಳಗಿಳಿಸಿದರು. ಕಂಡಕ್ಟರು, “ಬಿರ್ನೆ ಹತ್ತವ್ವೋ” ಎಂದು ಕೂಗಿದ.

“ತಡಕಳ್ಲಾ,” ಅಂದರು ಅಜ್ಜಿ, ಗಾಯ ಮಾಯ್ದ ಕಾಲನ್ನು ಮುಂದಿಟ್ಟು. “ಈ ಕಾಲ್ನಲ್ಲೇ ಅತ್ತುತೀನಿ.”