ಇಂಗಿನ ಡಬ್ಬದಲ್ಲಿದ್ದ ಪೈಪು

ನೀವು ಇದನ್ನು ನಂಬುವುದಿಲ್ಲ. ಪರವಾಗಿಲ್ಲ, ನಮ್ಮ ಮನೆಯಲ್ಲೂ ಯಾರೂ ನಂಬಿಲ್ಲ. ನನ್ನ ತಂಗಿಯಂತೂ ನಾನು ಇವತ್ತು ಸೋಮವಾರ ಎಂದರೂ ಕ್ಯಾಲೆಂಡರ್ ನೋಡಿ ಬರುತ್ತಾಳೆ.

ಕಳೆದ ಬೇಸಿಗೆ ರಜೆಯಲ್ಲಿ ಇಡೀ ಜಯನಗರಕ್ಕೆ ಒಬ್ಬನೇ ಪೈಪು ರಿಪೇರಿ ತಜ್ಞನಿದ್ದ. ಅದು ನಾನು. ಇಡೀ ಜಯನಗರ ಎಂದರೆ ನಮ್ಮ ಕಡೆ ನಾಲ್ಕು ಸಾಲು ಮನೆ, ಆಮೇಲೆ ರಾಗಿ ಹೊಲ, ಅದು ಬೇರೆ ವಿಷಯ. ಅಲ್ಲಿದ್ದ ಪೈಪೂ ಒಂದೇ, ಅದೂ ಬೇರೆ ವಿಷಯ.

ಪೈಪು ಎದುರುಮನೆ ಮಾವನದು. ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರು ಕೆಮ್ಮಿದರೆ ಅರಸೀಕೆರೆಯಲ್ಲಿ ಗೂಡ್ಸ್ ಗಾಡಿ ನಿಲ್ಲುತ್ತಿತ್ತಂತೆ. ಆದರೆ ಮನೆಯಲ್ಲಿ ಎಂಬತ್ತು ದಾಟಿದ ತಾಯಿ. ಕೆಂಪು ಸೀರೆ, ಮೂರು ಹೊತ್ತೂ ಮಡಿ. ಆ ಅಜ್ಜಿಯ ಎದುರು ಮಾವ ಅಡಿಕೆ ಚೂರನ್ನೂ ಜಗಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ನಮ್ಮ ಸೀಮೆಎಣ್ಣೆ ಸ್ಟವ್ವಿಗೆ ಪಿನ್ನು ಹಾಕುತ್ತಿದ್ದೆ. ಮಾವ ಬಂದರು. ಅತ್ತಿತ್ತ ನೋಡಿ ಕೈಚೀಲದಿಂದ ಇಂಗಿನ ತಗಡಿನ ಡಬ್ಬ ತೆಗೆದರು.

"ಏನಯ್ಯ, ಕಟ್ಕೊಂಡಿರೋದನ್ನೆಲ್ಲಾ ಬಿಡಿಸ್ತೀಯಂತೆ?"

"ಸ್ಟವ್ವು, ಪೆನ್ನು, ಪಿಚಕಾರಿ, ಯಾವ್ದಾದ್ರೂ ಸರಿ ಮಾವ."

"ಇದು?"

ಡಬ್ಬದೊಳಗೆ ತಂಬಾಕು ಸೇದುವ ಪೈಪು. ಅವರ ಮೇಲಧಿಕಾರಿಯೊಬ್ಬರು ಕೆಲಸ ಬಿಟ್ಟು ಹೋಗುವಾಗ ತಮ್ಮ ಬಾಯಿಂದಲೇ ತೆಗೆದು ಕೊಟ್ಟದ್ದಂತೆ. ಅಂದರೆ ಶುದ್ಧ ಎಂಜಲು. ತಾಯಿ ಜೊತೆಗೆ ಇರಲು ಬಂದ ಮೇಲೆ ಮಾವ ಸೇದುವುದನ್ನು ಬಿಟ್ಟು, ತಂಬಾಕಿನ ವಾಸನೆ ಹೊರಗೆ ಬರದಿರಲಿ ಎಂದು ಅದನ್ನು ಇಂಗಿನ ಖಾಲಿ ಡಬ್ಬದಲ್ಲಿ ಮುಚ್ಚಿಟ್ಟಿದ್ದರು. ಎರಡು ವರ್ಷ. ತಂಬಾಕಿನ ವಾಸನೆ ಹೊರಗೆ ಬರಲಿಲ್ಲ, ನಿಜ. ಇಂಗು ಒಳಗೆ ಹೋಯಿತು. ನಾನು ಮೂಸಿದೆ. ತಿಳಿಸಾರು!

"ಭಾನುವಾರ ನಮ್ಮ ಆ ಸಾಹೇಬರು ಮದರಾಸಿಂದ ಬರ್ತಿದಾರೆ," ಎಂದರು ಮಾವ. "ಲಾಲ್‌ಬಾಗ್ ಬಂಡೆ ಮೇಲೆ ಕೂತ್ಕೊಂಡು ಇಬ್ರೂ ಒಂದ್ಸಲ ಸೇದೋಣ, ನನ್ನ ಪೈಪು ಹೇಗಿದೆ ಅಂತ ಕೇಳಿದಾರೆ. ತುಂಬಾ ವಯಸ್ಸಾಯ್ತು ಅವ್ರಿಗೆ, ಇನ್ನೊಂದ್ಸಲ ಬರ್ತಾರೋ ಇಲ್ವೋ. ಸಾರಿನ ವಾಸನೆ ಹೊಡೆಯೋ ಪೈಪನ್ನ ಅವರ ಮುಂದೆ ಹೇಗಯ್ಯ ಹಚ್ಚಲಿ?"

"ನಂಗೆ ಇದೆಲ್ಲಾ ಮಾಮೂಲಿ," ಎಂದೆ. ಪೈಪನ್ನು ನಾನು ಅಲ್ಲಿಯವರೆಗೆ ಜಾಹೀರಾತಿನ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಅವರ ಹಿತ್ತಿಲಿನ ಸೌದೆ ಕೋಣೆಯೇ ನನ್ನ ಕಾರ್ಖಾನೆ. ಪೈಪಿನ ಬಟ್ಟಲಿನೊಳಗೆ ಇದ್ದಿಲಿನಂಥ ಕಿಟ್ಟ ಹತ್ತಿತ್ತು. ಪೆನ್ಸಿಲ್ ಹೆರೆಯುವ ಚಾಕುವಿನಲ್ಲಿ ಕೆರೆದೆ. ಉದುರಿದ ಕರಿಯಲ್ಲಿ ಒಂದು ರೈಲು ಮದರಾಸಿಗೆ ಹೋಗಿ ವಾಪಸು ಬರಬಹುದಿತ್ತು. ಕೊಳವೆಗೆ ತೂರಿಸಲು ತೆಂಗಿನ ಪೊರಕೆಯ ಕಡ್ಡಿಗೆ ಹತ್ತಿ ಸುತ್ತಿ, ಸ್ಟವ್ ಹಚ್ಚುವ ಸ್ಪಿರಿಟ್ಟಿನಲ್ಲಿ ಅದ್ದಿದೆ. ಹತ್ತಿ ಎಲ್ಲಿಯದು? ಅಜ್ಜಿ ಲಕ್ಷಬತ್ತಿ ವ್ರತಕ್ಕೆಂದು ಹೊಸೆದಿಟ್ಟದ್ದು. ಲಕ್ಷದಲ್ಲಿ ಒಂದು ಹಿಡಿ ಹೋದರೆ ದೇವರು ಕೂತು ಎಣಿಸುತ್ತಾನೆಯೇ? ಬೆಳ್ಳಗೆ ಒಳಹೋದ ಬತ್ತಿ ಕಾಕಂಬಿ ಬಳಿದುಕೊಂಡು ಬಂತು.

ಆಮೇಲೆ ಬಟ್ಟಲಿಗೆ ಪುಡಿ ಉಪ್ಪು ತುಂಬಿ, ಸ್ಪಿರಿಟ್ ಹನಿಸಿ, ಒಂದು ದಿನ ಬಿಟ್ಟೆ. ಉಪ್ಪು ಕಂದು ಬಣ್ಣಕ್ಕೆ ತಿರುಗಿತು. ಮೂಸಿದರೆ ಮತ್ತೆ ಸಾರು, ಈ ಸಲ ಉಪ್ಪು ಹಾಕಿದ್ದು. ಮರುದಿನ ಫಿಲ್ಟರಿನ ಕಾಫಿ ಚರಟ ಒಣಗಿಸಿ ತುಂಬಿದೆ. ಊಟವಾದ ಮೇಲೆ ಕಾಫಿ ಬೇಕಲ್ಲ. ಬಾಯಿಗಿಡುವ ಕಪ್ಪು ತುದಿ ಪಾಚಿ ಕಟ್ಟಿದ ಹಾಗಿತ್ತು, ಹಲ್ಲುಪುಡಿಯಲ್ಲಿ ತಿಕ್ಕಿದೆ. ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದೆ. ತಲೆ ಬಾಚುವುದೊಂದು ಬಾಕಿ.

ಪೈಪು ಫಳಫಳ ಹೊಳೆಯಿತು. ಮೂಸಿದೆ. ಸಾರಿಲ್ಲ!

"ನಿಜವಾಗ್ಲೂ ಹೋಯ್ತೇನಯ್ಯ? ನೆಗಡಿ ಗಿಗಡಿ ಆಗಿದೆಯಾ ನಿಂಗೆ?"

"ನೀವೇ ಮೂಸಿ ಮಾವ."

ಮೂಸಿದರು. ನನ್ನ ಬೆನ್ನು ತಟ್ಟಿದ ರಭಸಕ್ಕೆ ನಾನು ತಿಲಕನಗರದಲ್ಲಿ ಹೋಗಿ ಬೀಳಬೇಕಿತ್ತು.

ಗುರುತಿನವರ ಕಣ್ಣಿಗೆ ಬೀಳಬಾರದೆಂದು ಮಾವ ವಿಲ್ಸನ್ ಗಾರ್ಡನ್‌ವರೆಗೆ ನಡೆದು ತಂಬಾಕು ತಂದರು. ಶನಿವಾರ ಬೆಳಿಗ್ಗೆ ಹಚ್ಚಿ ನೋಡುವುದೆಂದು ತೀರ್ಮಾನ. ಅಂದು ಏಕಾದಶಿ. ಅಡಿಗೆ ಒಲೆ ಹಚ್ಚುವುದಿಲ್ಲ, ಅಜ್ಜಿ ಒಂದು ತೊಟ್ಟು ನೀರನ್ನೂ ಮುಟ್ಟದೆ ದೇವರಮನೆಯಲ್ಲೇ ಇರುತ್ತಾರೆ.

ಸೌದೆ ಕೋಣೆಯ ಬಾಗಿಲು ಮುಚ್ಚಿ ಮಾವ ಕಡ್ಡಿ ಗೀರಿದರು. ಒಂದು ದಮ್ಮು ಎಳೆದರು. ಇನ್ನೊಂದು. ಕಣ್ಣು ತಾವಾಗಿ ಮುಚ್ಚಿಕೊಂಡವು. ಆ ಮುಖ ಲಾಲ್‌ಬಾಗ್ ಬಂಡೆಯ ಮೇಲೆ ಆಗಲೇ ಕೂತಾಗಿತ್ತು. ನಾನು ಮನಸ್ಸಿನಲ್ಲೇ ಕಬ್ಬನ್ ಪಾರ್ಕಿನಲ್ಲಿ ನನ್ನದೊಂದು ಪ್ರತಿಮೆ ನಿಲ್ಲಿಸಿಕೊಂಡೆ.

ಅಷ್ಟರಲ್ಲಿ ಮರ ಬಿಸಿಯಾಯಿತು. ಬಿಸಿ ಎಣ್ಣೆಗೆ ಬಿದ್ದ ಇಂಗು ಹೇಗೆ ಏಳುತ್ತದೋ ಹಾಗೆ ಎದ್ದಿತು, ಎಲ್ಲಿ ಅಡಗಿತ್ತೋ ಏನೋ.

"ಆರಿಸಿಬಿಡಿ ಮಾವ!"

"ತಡಿಯೋ, ಜೋರಾಗಿ ಎಳೆದ್ರೆ ಇಂಗೆಲ್ಲಾ ಸುಟ್ಟು ಹೋಗತ್ತೆ. ನಾಳೆಗೆ ಬೇಕಲ್ಲಯ್ಯ."

ಎಳೆದರು. ಮದುವೆ ಮನೆಯ ಕೊಪ್ಪರಿಗೆಗೆ ಒಗ್ಗರಣೆ ಬಿದ್ದ ಹಾಗೆ ಘಮ್ಮೆಂದಿತು. ಗಮಲು ಕಿಟಕಿ ದಾಟಿತು, ಹಿತ್ತಿಲು ದಾಟಿತು, ಉಪವಾಸ ಕೂತವರನ್ನು ನೇರವಾಗಿ ಹುಡುಕಿಕೊಂಡು ಹೋಯಿತು.

ಬಾಗಿಲು ತೆರೆಯಿತು.

"ಏಕಾದಶಿ ದಿನ ನನ್ನ ಮನೇಲಿ ಒಗ್ಗರಣೆ ಹಾಕ್ತಿರೋದು ಯಾರೋ?" ಎಂದರು ಅಜ್ಜಿ.

ಮಾವನ ಪೈಪು ಬೆನ್ನ ಹಿಂದೆ ಹೋಯಿತು. ಹೊಗೆ ಮಾತ್ರ ಬಾಯಲ್ಲೇ ಉಳಿಯಿತು.

"ಕೇಳಿದ್ದಕ್ಕೆ ಉತ್ತರ ಹೇಳೋ ಮಗೂ."

ಮಗು ತಲೆಯಾಡಿಸಿತು. ಮಗುವಿಗೆ ಅರವತ್ತು.

"ಬಾಯಿ ಬಿಡು."

ಬಿಡಲಿಲ್ಲ. ಹೊಗೆ ಮೂಗಿನ ಎರಡೂ ಹೊಳ್ಳೆಗಳಿಂದ ತಾನಾಗಿ ಬಂತು. ಅಜ್ಜಿ ಅದು ಪೂರ್ತಿ ಬರುವವರೆಗೂ ಸಮಾಧಾನದಿಂದ ನೋಡಿದರು.

"ಬಚ್ಚಲೊಲೇಲಿ ಇನ್ನೂ ಕೆಂಡ ಇದೆ. ಹಾಕು."

"ಅಮ್ಮ, ನಾಳೆ ಒಂದಿನ…"

"ನಾನು ಮಡೀಲಿದೀನಿ, ಮುಟ್ಟಲ್ಲ. ನೀನೇ ಹಾಕು."

ಮಾವ ಹೋಗಿ ಹಾಕಿದರು. ಬೆಂಕಿ ತಡೆಯಲೆಂದೇ ಮಾಡಿದ ಮರ, ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುತ್ತದೆಯೇ? ಕೆಂಡದ ನಡುವೆ ಕೊಬ್ಬರಿ ಎಣ್ಣೆಯ ಹೊಳಪಿನಲ್ಲಿ ಹಾಗೇ ಕೂತಿತ್ತು. ಮಾವ ಅದನ್ನೇ ನೋಡುತ್ತಾ ನಿಂತರು.

ಅಜ್ಜಿ ನನ್ನ ಕಡೆ ತಿರುಗಿದರು.

"ಏ ಹುಡುಗ, ಅಲ್ಲಿ ಊದುಗೊಳವೆ ಇದೆ, ತಗೋ. ಊದು."