ಅಕ್ಷರ ಒತ್ತದ ಸುಮಾ

ನಿನ್ನೆ ಜಯನಗರದ ನಮ್ಮ ಮನೆಯಲ್ಲಿ ಮಗಳು ಟ್ಯಾಬಿನಲ್ಲಿ ಇಂಗ್ಲಿಷ್ ಪದಗಳ ಆಟ ಆಡುತ್ತಿದ್ದಳು. ಅಡಗಿರುವ ಪದವನ್ನು ಒಂದೊಂದೇ ಅಕ್ಷರ ಒತ್ತಿ ಊಹಿಸಬೇಕು. ತಪ್ಪಿದಂತೆಲ್ಲ ಪರದೆಯ ಮೇಲೆ ಒಂದೊಂದಾಗಿ ಚಿತ್ರ ಮೂಡುತ್ತದೆ: ಕಂಬ, ಹಗ್ಗ, ಕೊನೆಗೆ ನೇತಾಡುವ ಮನುಷ್ಯ. ನಾನು ಅಲ್ಲೇ ನಿಂತುಬಿಟ್ಟೆ.

ನಮ್ಮ ಶಾಲೆಯ ಕಂಪ್ಯೂಟರ್ ರೂಮಿನಲ್ಲೂ ಇದೇ ಆಟವಿತ್ತು. ಬೂಟು ಹೊರಗೆ ಬಿಟ್ಟು, ತಣ್ಣನೆಯ ನೆಲದ ಮೇಲೆ ಸಾಕ್ಸಿನಲ್ಲಿ ನಡೆದು, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರುತ್ತಿದ್ದೆವು. ನನ್ನ ಜೊತೆಯವಳು ಯಡಿಯೂರಿನ ನಮ್ಮ ಬೀದಿಯ ಸುಮಾ. ಒಂದು ಬೇಸಿಗೆ ರಜೆಯಲ್ಲಿ ಅವಳಪ್ಪ ನೇಣು ಹಾಕಿಕೊಂಡು ಸತ್ತಿದ್ದರು. ಬೀದಿಗೆಲ್ಲ ಗೊತ್ತಿತ್ತು. ಆದರೆ ಅಮ್ಮ ನನ್ನ ಜಡೆ ಹೆಣೆಯುತ್ತಾ, "ಸ್ಕೂಲಲ್ಲಿ ಯಾರಾದ್ರೂ ಕೇಳಿದ್ರೆ ಹಾರ್ಟ್ ಅಟ್ಯಾಕ್ ಅನ್ನು" ಎಂದಿದ್ದಳು. ಸುಮಾಳ ಮನೆಯವರೂ ಶಾಲೆಗೆ ಹಾಗೆಯೇ ಹೇಳಿದ್ದರು.

ಶಾಲೆ ತೆರೆದ ಮೇಲೆ ಒಂದು ದಿನ ಆ ಆಟದಲ್ಲಿ ನನ್ನ ಊಹೆಗಳು ತಪ್ಪಿ ಹಗ್ಗ ಬಂತು. ಸುಮಾಳ ಸರದಿ. ಅವಳು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಯಾವ್ದಾದ್ರೂ ಒತ್ತಮ್ಮ, ಬರೀ ಗೇಮ್ ತಾನೆ," ಎಂದರು ಮಿಸ್.

"ತಪ್ಪಾದ್ರೆ, ಮಿಸ್?"

"ತಪ್ಪಾದ್ರೆ ಅವ್ನ ಕಥೆ ಮುಗೀತು," ಎಂದು ಹಿಂದಿನ ಸಾಲಿನ ಹುಡುಗನೊಬ್ಬ ನಕ್ಕ.

ಅವಳು ಒತ್ತಲೇ ಇಲ್ಲ. ಹಟಮಾರಿ ಎಂದು ಮಿಸ್ ಅವಳನ್ನು ಹೊರಗೆ ನಿಲ್ಲಿಸಿದರು. ಗಾಜಿನ ಬಾಗಿಲಾಚೆ, ನಮ್ಮೆಲ್ಲರ ಬೂಟುಗಳ ನಡುವೆ, ಪೀರಿಯಡ್ ಮುಗಿಯುವವರೆಗೂ ನಿಂತಿದ್ದಳು. ಮಿಸ್ ಕೆಟ್ಟವರಲ್ಲ, ಅವರಿಗೆ ಯಾರೂ ನಿಜ ಹೇಳಿರಲಿಲ್ಲ. ಆ ವಯಸ್ಸಿನಲ್ಲಿ ನಾನು ಹೇಳಬಹುದಿತ್ತೇ? ಹೇಳಿದ್ದರೆ ಸುಮಾ ನನ್ನನ್ನು ಕ್ಷಮಿಸುತ್ತಿದ್ದಳೇ? ಇವತ್ತಿಗೂ ಗೊತ್ತಿಲ್ಲ.

ನಿನ್ನೆ ಸಂಜೆಯೇ ಮಗಳ ಟ್ಯಾಬಿನಿಂದ ಆ ಆಟವನ್ನು ತೆಗೆದುಹಾಕಿದೆ.

"ಯಾಕಮ್ಮಾ ಡಿಲೀಟ್ ಮಾಡ್ದೆ?" ಎಂದಳು ಮಗಳು.

"ಅದು ಕೆಟ್ಟೋಗಿತ್ತು ಪುಟ್ಟಿ," ಎಂದೆ.